ಹತ್ತು ದಿನ, ಏಳು ಪಂದ್ಯ

೧೯೭೪ರ ಸಂಕ್ರಾಂತಿ ಕಳೆದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಂಡಗಳ ನಡುವೆ ಫುಟ್‌ಬಾಲ್ ಪಂದ್ಯಾವಳಿ ನಡೆಯಿತು. ಒಂದು ತಿಂಗಳು ಹಿಡಿಯಬೇಕಾದದ್ದನ್ನು ಮುಖ್ಯ ಅತಿಥಿಗಳ ಪುರುಸೊತ್ತು ನೋಡಿಕೊಂಡು ಸಂಘಟಕರು ಹತ್ತು ದಿನಕ್ಕೆ ಇಳಿಸಿದ್ದರು. ಪ್ರತಿ ತಂಡ ಉಳಿದ ಮೂರರೊಡನೆ ಎರಡೆರಡು ಸಲ ಆಡಬೇಕು; ಗೆದ್ದು ಬಂದವರಿಗೆ ಫೈನಲ್ ಸೇರಿ ಏಳು ಪಂದ್ಯ. ಆಡಿ ಬಸ್ಸು ಹತ್ತಬೇಕು, ಇಳಿದು ಮತ್ತೆ ಆಡಬೇಕು.

ಮುದ್ದೇಬಿಹಾಳ ತಂಡದ ಬಲಭಾಗ ಕಾಯುತ್ತಿದ್ದವನು ಬೀರಣ್ಣ. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ ಇಪ್ಪತ್ತಮೂರರ ಗಟ್ಟಿ ಆಳು. ನಾಲ್ಕೂ ತಂಡದ ಹೆಚ್ಚಿನವರಂತೆ ಬರಿಗಾಲಲ್ಲೇ ಆಡುತ್ತಿದ್ದ. ಅವನನ್ನು ದಾಟಿ ಚೆಂಡು ಹೋಗುವುದಿಲ್ಲ ಎಂಬ ಮಾತು ನಾಲ್ಕೂ ಊರಲ್ಲಿತ್ತು.

ಸಿಂದಗಿಯಲ್ಲಿ ನಾಲ್ಕನೇ ಪಂದ್ಯ ಮುಗಿಸಿ ಗೋಡೆಯ ಹಿಂದೆ ಮೂತ್ರಕ್ಕೆ ನಿಂತ ಬೀರಣ್ಣ ಬಗ್ಗಿ ನೋಡಿದ. ಕರೀ ಚಹಾದ ಬಣ್ಣ. ಕಾಲಿನಿಂದ ಮಣ್ಣೆಳೆದು ಮುಚ್ಚಿ ಬಂದ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಎದ್ದು ಬಾಗಿಲ ಬಳಿ ನಿಂತ, ಮತ್ತೆ ಬಂದು ಕೂತ, ಮತ್ತೆ ಎದ್ದ. ಕೇಳಿದವರಿಗೆ ಸೆಕೆ ಎಂದ.

ಐದನೇ ಪಂದ್ಯದ ನಂತರವೂ ಅದೇ ಬಣ್ಣ. ಇಂಡಿಯಲ್ಲಿ ಆರನೆಯದು ಆಡುವಾಗ ಉಸಿರೇ ಸಾಲದಾಯಿತು. ಚೆಂಡು ಎರಡು ಸಲ ಅವನ ಪಕ್ಕದಿಂದಲೇ ಹೋಯಿತು. ಹೇಗೋ ಗೆದ್ದು ಫೈನಲ್ ಮುಟ್ಟಿದರು. ತಂಡದ ನಾಯಕ ಮಾನಪ್ಪ ಪ್ರಾಥಮಿಕ ಶಾಲೆಯ ಮಾಸ್ತರ, ಮಾತು ಒರಟು.

"ಯಾಕೋ, ಕಾಲು ಎಳಕೋಂತ ಅಡ್ಡಾಡಾಕತ್ತಿದಿ? ಫೈನಲ್‌ದಾಗ ಹಿಂಗ ಮಾಡಿದ್ರ ಬಾಗೇವಾಡಿಯವ್ರು ನಮ್ಮನ್ನ ಮಣ್ಣು ಮುಕ್ಕಸ್ತಾರ."

"ಏನಿಲ್ರಿ ಮಾಸ್ತರ್ರ, ನಿದ್ದಿ ಆಗಿಲ್ಲ."

ಮರುದಿನ ಚೀಲ ಹೊರಲು ಹೋದವನಿಗೆ ಕಣ್ಣು ಕತ್ತಲೆ ಬಂತು. ಚೀಲ ಅಲ್ಲೇ ಇಳಿಸಿ ಡಾಕ್ಟರ್ ಬಸಂತರಾಯರ ದವಾಖಾನೆಗೆ ನಡೆದ. ಅವರು ಸೈನ್ಯದಲ್ಲಿದ್ದು ಬಂದವರು. ಬಾಗಿಲು ಹಾಕಿಸಿಕೊಂಡು ಬೀರಣ್ಣ ಎಲ್ಲವನ್ನೂ ಹೇಳಿದ. ಡಾಕ್ಟರು ಬೆರಳು ಚುಚ್ಚಿ ರಕ್ತ ತೆಗೆದು, ಗಾಜಿನ ಕೊಳವೆಯಲ್ಲಿ ಹನಿಹನಿ ನೀರು ಬೆರೆಸಿ ಬಣ್ಣ ಹೋಲಿಸಿದರು.

"ಹಿಮೋಗ್ಲೋಬಿನ್ ಹದಿಮೂರರ ಮ್ಯಾಲ ಇರಬೇಕು. ಒಂಬತ್ತೂವರಿ ಐತಿ. ಬರಿಗಾಲಲೆ ಆಡ್ತಿಯೇನು?"

"ಹೌದ್ರಿ."

"ಮೈಲುಗಟ್ಟಲೆ ನಡೆದ ಸಿಪಾಯಿಗಳ್ಗೆ ಹಿಂಗ ಆಗೂದು ನೋಡೇನಿ. ಗಟ್ಟಿ ನೆಲಕ್ಕ ಅಂಗಾಲು ಬಡದು ಬಡದು ರಕ್ತದ ಕಣ ಒಡೀತಾವ. ಅದೇ ಬಣ್ಣ ಮೂತ್ರದಾಗ ಬರ್ತೈತಿ. ಹೋದ ರಕ್ತ ಮತ್ತ ತುಂಬಾಕ ದಿನ ಬೇಕು. ತುಂಬೂದರಾಗ ನೀವು ಇನ್ನೊಂದು ಮ್ಯಾಚ್ ಆಡ್ತೀರಿ."

"ಸಾಯ್ತೇನೇನ್ರಿ ನಾ?"

"ಇಲ್ಲ. ಆದ್ರ ಒಂದು ತಿಂಗಳು ಓಡಬ್ಯಾಡ, ಚೀಲಾನೂ ಹೊರಬ್ಯಾಡ. ಗುಳಿಗಿ ತಗೋ, ಸೊಪ್ಪು, ಶೇಂಗಾ-ಬೆಲ್ಲ ತಿನ್ನು."

ಸುದ್ದಿ ಕೇಳಿ ಮಾನಪ್ಪ ದವಾಖಾನೆಗೇ ಬಂದ. "ನಾಡಿದ್ದು ಫೈನಲ್ ಐತ್ರಿ. ಒಂದಿನದ್ದು ಔಷಧ ಕೊಟ್ಟು ನಿಂದ್ರಸ್ರಿ ಇವನ್ನ."

ಡಾಕ್ಟರು ಮಾನಪ್ಪನ ಬಿಳಿಚಿದ ಮುಖ ನೋಡಿ ಅವನ ಬೆರಳನ್ನೂ ಹಿಡಿದು ಚುಚ್ಚಿದರು. ಒಂಬತ್ತು. ಬೀರಣ್ಣನಿಗಿಂತ ಕಡಿಮೆ. ಮಾನಪ್ಪ ಕೊಳವೆ ನೋಡುತ್ತ ಸಣ್ಣ ದನಿಯಲ್ಲಿ, "ನಂದೂ ಅದೇ ಬಣ್ಣರಿ, ಮೂರು ದಿನ ಆತು," ಎಂದ. ಬೀರಣ್ಣ ಅವನ ಮುಖ ನೋಡಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅಂದೇ ಇಬ್ಬರೂ ಬಾಗೇವಾಡಿಗೆ ಹೋಗಿ ಎದುರಾಳಿ ನಾಯಕ ಗುಡುಸಾಬನ ಸೈಕಲ್ ಅಂಗಡಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಫೈನಲ್ ಮುಂದೂಡಿಸೋಣ ಎಂದರು. ಅವನು ನಗುತ್ತಾನೆಂದು ಬೀರಣ್ಣ ಹೆದರಿದ್ದ. ಗುಡುಸಾಬ ಕೈಯ ಗ್ರೀಸು ಒರೆಸಿಕೊಂಡ.

"ನಮ್ಮ ನಾಕು ಮಂದಿ ಹಾಸಿಗಿ ಬಿಟ್ಟು ಏಳಾಕ ವಲ್ಲರು ಮಾಸ್ತರ್ರ. ಸೋಗು ಹಾಕ್ಯಾರಂತ ಬೈದು ಬಂದೇನಿ. ನಡೀರಿ, ಕೂಡೇ ಹೋಗಿ ಹೇಳೋಣು."

ಸಂಘಟಕರ ಕಾರ್ಯದರ್ಶಿ ಸಿಡುಕಿದ. ಪೆಂಡಾಲ ಹಾಕಿಯಾಗಿದೆ, ಅತಿಥಿಗಳಿಗೆ ಏನು ಹೇಳಲಿ ಎಂದ.

"ಪೆಂಡಾಲದಾಗ ಭಾಷಣ ಮಾಡಸ್ರಿ," ಎಂದ ಗುಡುಸಾಬ. "ಎರಡೂ ಟೀಮು ಮೈದಾನಕ್ಕ ಇಳಿಯೂದಿಲ್ಲ."

ಅತಿಥಿಗಳು ಬಂದು ಭಾಷಣ ಮಾಡಿ ಹೋದರು. ಪಂದ್ಯ ಎಂಟು ದಿನ ಮುಂದೆ ಹೋಯಿತು. ಅಷ್ಟರಲ್ಲಿ ಉಳಿದ ಹುಡುಗರು ಚೇತರಿಸಿಕೊಂಡರು. ಬೀರಣ್ಣ, ಮಾನಪ್ಪ ಇಬ್ಬರಿಗೂ ಡಾಕ್ಟರು ಒಪ್ಪಲಿಲ್ಲ.

ಫೈನಲ್ ದಿನ ಬಾಗೇವಾಡಿ ಮೈದಾನದ ಗೆರೆಯ ಹೊರಗೆ ಬೀರಣ್ಣನ ಕಾಲು ಸುಮ್ಮನಿರಲಿಲ್ಲ. ಚೆಂಡು ಬಲಕ್ಕೆ ಬಂದಾಗಲೆಲ್ಲ ಎರಡು ಹೆಜ್ಜೆ ಮುಂದಿಡುವನು. ಮಾನಪ್ಪ ಅಂಗಿ ಹಿಡಿದು ಎಳೆಯುವನು. ಆಟ ಮುಗಿಯಲು ಐದು ನಿಮಿಷವಿದ್ದಾಗ ಬಾಗೇವಾಡಿಯವರು ಗೋಲು ಹೊಡೆದರು, ಬಲಬದಿಯಿಂದಲೇ ನುಗ್ಗಿ. ಆ ಒಂದೇ ಗೋಲಿನಿಂದ ಗೆದ್ದರು.

"ನೀ ಇದ್ದಿದ್ರ ದಾಟ್ತಿರ್ಲಿಲ್ಲ," ಎಂದ ಮಾನಪ್ಪ.

"ಹೆಂಗ ಹೇಳೂದ್ರಿ," ಎಂದ ಬೀರಣ್ಣ.

ಬಸ್ ನಿಲ್ದಾಣದಲ್ಲಿ ಹುಡುಗರು ಚಹಾ ಕುಡಿಯುತ್ತ ಕೂತರು. ಬೀರಣ್ಣ ಆ ತುದಿಯಿಂದ ಈ ತುದಿಗೆ ಅಡ್ಡಾಡುತ್ತಲೇ ಇದ್ದ. ಮುದ್ದೇಬಿಹಾಳದ ಬಸ್ಸು ಬಂತು. ಕಂಡಕ್ಟರು ಎರಡು ಸಲ ಕೂಗಿದ ಮೇಲೆ ಹತ್ತಿದ.