ಕರೆಯದೆ ಬರುವ ಹೋರಿ

ಮಂದೆಗೆ ಬೆನ್ನು ಮಾಡಿ ನಿಂತವರಲ್ಲಿ ಮೊದಲು ಕಾಲು ಬದಲಿಸಿದವನು ವಿಘ್ನೇಶ್ವರನ್. ದಿಂಡಿಗಲ್ಲಿನಿಂದ ಬಂದ ಅಧಿಕಾರಿ. ಇಷ್ಟು ಹೊತ್ತು ಏನನ್ನೂ ನೋಡದೆ ನಿಲ್ಲುವುದು ಅವನಿಗೆ ಅಭ್ಯಾಸವಿರಲಿಲ್ಲ. ಊರಿನವರೆಲ್ಲ ಪಶ್ಚಿಮದ ಬೆಟ್ಟಗಳಿಗೆ ಮುಖ ಮಾಡಿ, ಹೊಳೆಯ ಸದ್ದಿಗೆ ಕಿವಿಗೊಟ್ಟವರಂತೆ ಸುಮ್ಮನಿದ್ದರು. ಅವರ ಬೆನ್ನ ಹಿಂದೆ, ಹುಣಸೆಮರದ ಬುಡದಲ್ಲಿ, ಬೆಳಿಗ್ಗೆ ಕಡಿದು ತಂದ ಕಬ್ಬಿನ ಕಂತೆ ಬಿದ್ದಿತ್ತು. ಅದರಾಚೆ ದೇವರ ಮಂದೆ ಬಿಸಿಲಲ್ಲಿ ಮೆಲುಕು ಹಾಕುತ್ತಿತ್ತು.

ಹಳೆಯ ಪಟ್ಟದ ಹೋರಿ ತೀರಿಕೊಂಡು ಮಳೆಗಾಲವೊಂದು ಕಳೆದಿತ್ತು. ಇನ್ನೊಂದಕ್ಕೆ ಪಟ್ಟ ಕಟ್ಟುವ ಕ್ರಮ ತಮಿಳು ಸೀಮೆಯ ಈ ಊರಿನ ಕನ್ನಡದ ಮನೆಗಳಿಗೆ ತಲೆಮಾರುಗಳಿಂದ ಬಂದದ್ದು. ಮಂದೆಯ ಯಾವುದೋ ಒಂದು ಹೋರಿಗರು ತಾನಾಗಿ ಎದ್ದು ಬಂದು ಕಬ್ಬಿಗೆ ಬಾಯಿ ಹಾಕಬೇಕು. ಯಾರೂ ಅದನ್ನು ಅಟ್ಟಬಾರದು, ಕರೆಯಬಾರದು, ಕಡೆಗೆ ಕಣ್ಣೆತ್ತಿ ನೋಡಲೂಬಾರದು. ನೋಟವೂ ಒಂದು ಬಗೆಯ ಕರೆಯೇ ಎಂದು ಹಿರಿಯರು ನಂಬಿದ್ದರು. ಕಬ್ಬು ಮುರಿದ ಸದ್ದು ಕೇಳಿದ ಮೇಲೆ ಹೆಂಗಸರು ಪಟ್ಟದ ಪದ ಎತ್ತಬೇಕು. ಪದವಿಲ್ಲದೆ ಪೂಜಾರಿಯ ಅರಿಶಿನ ಹೋರಿಯ ಹಣೆ ಮುಟ್ಟುವಂತಿಲ್ಲ.

ಆ ಪದವನ್ನು ಎತ್ತಿಕೊಡುವವಳು ಸುಬ್ಬುಲಕ್ಷ್ಮಿ. ಉತ್ತಮಪಾಳಯದ ಶಾಲೆಯಲ್ಲಿ ತಮಿಳು ಕಲಿಸಿ ನಿವೃತ್ತಳಾದವಳು. ಮನೆಗೆ ಬಂದರೆ ಅವ್ವನ ಭಾಷೆಗೆ ಮರಳುವವಳು. ವಿಘ್ನೇಶ್ವರನ್ ಇವಳನ್ನು ಹುಡುಕಿಕೊಂಡೇ ಬಂದಿದ್ದ. ಎರಡು ಜಿಲ್ಲೆಗಳ ಕಲೆ ಮತ್ತು ಸಂಸ್ಕೃತಿಯ ಸಲಹಾ ಮಂಡಳಿಗೆ ಅಧ್ಯಕ್ಷರು ಬೇಕಾಗಿದ್ದರು. ಅರ್ಜಿ ಹಾಕಿದವರು ಬಹಳ ಮಂದಿ ಇದ್ದಾರೆ, ಅದಕ್ಕೇ ಹಾಕದವರ ಮನೆಗೆ ಬಂದಿದ್ದೇನೆ ಎಂದು ಆತ ಮೊದಲ ದಿನವೇ ತಮಿಳಿನಲ್ಲಿ ಹೇಳಿ ನಕ್ಕಿದ್ದ. ಮತ್ತೆ ಮತ್ತೆ ಬರುತ್ತಿದ್ದರೆ ಇದೂ ಕರೆದ ಹಾಗೇ ಆಯಿತಲ್ಲವೇ ಎಂದು ಆಮೇಲೊಮ್ಮೆ ಸುಬ್ಬುಲಕ್ಷ್ಮಿಯೂ ನಕ್ಕಿದ್ದಳು.

ಆದರೆ ಅವಳಿಗೆ ಆಸೆ ಹುಟ್ಟಿದ್ದು ಸುಳ್ಳಲ್ಲ. ಯಾವ ಕಲೆಗೆ ಯಾವ ವೇದಿಕೆ ಎಂಬುದನ್ನು ಆ ಮಂಡಳಿಯೇ ಹೇಳುತ್ತಿತ್ತು. ಅವಳ ಜೊತೆ ಹಾಡುವ ಹೆಂಗಸರ ಪದಗಳನ್ನು ಅದು ವರ್ಷವರ್ಷವೂ ಹಿಂದಕ್ಕೆ ಕಳಿಸಿತ್ತು. ಇದು ಬೇರೆ ರಾಜ್ಯದ ಭಾಷೆ, ಅಲ್ಲಿ ಕೇಳಿ ಎಂದು ಒಮ್ಮೆ. ಇದು ಕೇಳುವವರಿಗೆ ತಿಳಿಯುವುದಿಲ್ಲ ಎಂದು ಇನ್ನೊಮ್ಮೆ. ಆ ರಾಜ್ಯದವರು ಕೇಳಿದರೆ ಅವರಿಗೂ ಅರ್ಧ ತಿಳಿಯದಂಥ ಪದಗಳು ಅವು. ಎರಡು ದಡಗಳೂ ಮರೆತ ನೀರಿನ ಹಾಗೆ ಈ ಕಣಿವೆಯಲ್ಲಿ ಮಾತ್ರ ಹರಿಯುತ್ತಿದ್ದವು. ಅಧ್ಯಕ್ಷೆಯ ಕುರ್ಚಿಯಲ್ಲಿ ಕುಳಿತರೆ ಆ ಬಾಗಿಲನ್ನು ಒಳಗಿನಿಂದ ತೆಗೆಯಬಹುದಿತ್ತು.

ವಿಘ್ನೇಶ್ವರನ್ ಕೇಳಿದ್ದು ಒಂದೇ. ಪಟ್ಟದ ಆಯ್ಕೆಯನ್ನು ಚಿತ್ರೀಕರಿಸಬೇಕು, ಅವಳು ಹಾಡುವುದೂ ಅದರಲ್ಲಿರಬೇಕು. ಅದೇ ಮಧ್ಯಾಹ್ನ ದಿಂಡಿಗಲ್ಲಿನ ಸಭೆಯಲ್ಲಿ ಅದನ್ನು ತೋರಿಸಿ ಹೆಸರು ಘೋಷಿಸುವುದು. ಕ್ಯಾಮರಾ ಕಣ್ಣಲ್ಲ, ಯಂತ್ರ ಎಂದು ಪೂಜಾರಿ ಮೂಕಯ್ಯನನ್ನು ಒಪ್ಪಿಸಿದವನು ಸುಬ್ಬುಲಕ್ಷ್ಮಿಯ ತಮ್ಮ ಧನಪಾಲ್. ಬೋಡಿಯಲ್ಲಿ ಏಲಕ್ಕಿ ವ್ಯಾಪಾರ, ಬೋಡಿಮೆಟ್ಟಿನಲ್ಲಿ ತೋಟ, ಊರಿನಲ್ಲಿ ಮಾತಿಗೆ ಬೆಲೆ. ಚಿತ್ರ ತೆಗೆಯುವವರಿಗೆ ಸಹಾಯಕ್ಕೆಂದು ಮಂದೆಯ ಪಕ್ಕದ ಬಿದಿರಿನ ಅಟ್ಟದ ಮೇಲೆ ಈಗ ಊರಿನವರ ಪೈಕಿ ಅವನೊಬ್ಬನೇ ಮಂದೆಯ ಕಡೆ ಮುಖ ಮಾಡಿ ನಿಂತಿದ್ದ.

"ತಲೈವಿ ಆಗಿ ಆ ಕುರ್ಚೀಲಿ ಕೂತ್ಮೇಲೆ ನಮ್ಮನ್ನ ಗುರ್ತು ಇಟ್ಕಂತೀಯಾ, ಇಲ್ಲಾ ಟೀ ತರೋಕೆ ಕಳಿಸ್ತೀಯಾ?" ಪಕ್ಕದಲ್ಲಿದ್ದ ಕಾಳಿಯಮ್ಮಾಳ್ ಪಿಸುಗುಟ್ಟಿದಳು. ಹಾಡುವವರಲ್ಲಿ ಅವಳೇ ಹಿರಿಯಳು. ಮುಂದೆಂದೋ ಸಿಗಲಿರುವ ದಿಂಡಿಗಲ್ಲಿನ ವೇದಿಕೆಗೆಂದು ಎತ್ತಿಟ್ಟಿದ್ದ ನೀಲಿ ಸೀರೆಯನ್ನು ತಡೆಯಲಾರದೆ ಇಂದೇ ಉಟ್ಟು ಬಂದಿದ್ದಳು.

"ಟೀ ನೀನು ಹಾಕಿದ್ರೆ ಯಾರ್ ಕುಡೀತಾರೆ?" ಎಂದಳು ಸುಬ್ಬುಲಕ್ಷ್ಮಿ.

ಬಿಸಿಲು ಏರಿತು. ಮಂದೆ ಏಳಲಿಲ್ಲ. ವಿಘ್ನೇಶ್ವರನ್ ತೋಳಿನ ಮೇಲೆ ಮಡಿಸಿಟ್ಟುಕೊಂಡಿದ್ದ ಜರಿಶಾಲನ್ನು ಇನ್ನೊಂದು ತೋಳಿಗೆ ಬದಲಿಸಿ, ಸ್ವಲ್ಪ ಎಬ್ಬಿಸಿದರೆ ಆಗದೇ ಎಂದು ಮೂಕಯ್ಯನನ್ನು ಕೇಳಿದ. ಮೂಕಯ್ಯ ತಲೆ ಅಲ್ಲಾಡಿಸಿದ. ಅವನ ಅಜ್ಜನ ಕಾಲದಲ್ಲಿ ಕಬ್ಬು ಒಣಗಿ, ಮತ್ತೆ ಕಡಿದು, ಮತ್ತೆ ಒಣಗಿದ್ದುಂಟಂತೆ. ಅಧಿಕಾರಿ ಗಡಿಯಾರ ನೋಡಿಕೊಂಡ.

ಆಗ ಆ ಸದ್ದು ಬಂತು. ನಾಲಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ ಹುಟ್ಟುವ, ಒದ್ದೆಯಾದ, ಮೆಲ್ಲನೆಯ ಸದ್ದು. ಅದರ ಬಾಲಕ್ಕೆ ಉಸಿರಿನಷ್ಟೇ ಉದ್ದದ ಒಂದು ಸಿಳ್ಳೆ. ಹಿಂದೆಯೇ ಗೊರಸುಗಳ ಸದ್ದು. ಆಮೇಲೆ ಕಬ್ಬು ಮುರಿಯಿತು.

ಎಲ್ಲರೂ ತಿರುಗಿದರು. ಅಚ್ಚ ಬಿಳಿಯ ಹೋರಿಗರು, ಕೊಂಬು ಈಗಷ್ಟೇ ಮೂಡಿದ್ದು, ಕಬ್ಬನ್ನು ಕಚ್ಚಿಕೊಂಡು ನಿಂತಿತ್ತು. ಯಾರಿಗಾದರೂ ಮೆಚ್ಚುಗೆಯಾಗುವಂಥ ಕರು. ಜನ ಕೈಮುಗಿದರು. ಕ್ಯಾಮರಾ ಹೆಂಗಸರ ಕಡೆ ಹೊರಳಿತು. ಮೂಕಯ್ಯ ಅರಿಶಿನದ ಬಟ್ಟಲು ಎತ್ತಿಕೊಂಡು ಕಾದ. ಹೆಂಗಸರು ಸುಬ್ಬುಲಕ್ಷ್ಮಿಯ ಮುಖ ನೋಡಿದರು.

ಪದ ಏಳಲಿಲ್ಲ.

"ಎತ್ತಕ್ಕಾ," ಎಂದ ಮೂಕಯ್ಯ.

"ತಾನಾಗಿ ಬಂದಿದ್ರೆ ಎತ್ತಬೌದು ಮೂಕಣ್ಣಾ. ಇದನ್ನ ಕೂಗವ್ರೆ."

ಧನಪಾಲ್ ಅಟ್ಟದಿಂದ ಇಳಿದು ಬಂದ. ಮುಖದಲ್ಲಿ ನಗೆ ಇತ್ತು, ಆದರೆ ಅದು ನೆರೆದವರಿಗೆ. "ಯಾರು ಕೂಗಿದ್ರು? ಇಷ್ಟು ಜನ ಇದ್ದಾರೆ, ನಿಂಗೊಬ್ಳಿಗೇ ಕೇಳ್ತಾ?"

ಸುಬ್ಬುಲಕ್ಷ್ಮಿ ಸುತ್ತ ನೋಡಿದಳು. ಕೆಲವರು ನೆಲ ನೋಡುತ್ತಿದ್ದರು. "ಅವ್ವ ನಮ್ಮ ಕೆಂಪಿ ಹಸೂನ ಹಿಂಗೇ ತಾನೇ ಕರೀತಿದ್ಲು ತಂಬಿ. ಆ ಸಿಳ್ಳೆ ನಮ್ಮಿಬ್ಬರ ಬಾಯಲ್ಲಿ ಬಿಟ್ರೆ ಈ ಊರಲ್ಲಿ ಇನ್ಯಾರ ಬಾಯಲ್ಲಿ ಅದೆ?"

ಅವನ ನಗೆ ಆರಿತು. ಅವಳನ್ನು ಮರದ ಮರೆಗೆ ಕರೆದು ದನಿ ತಗ್ಗಿಸಿದ. "ನಿಂಗಾಗೇ ಮಾಡ್ದೆ ಅಕ್ಕಾ. ಇವ್ರು ಹೊರಟೋದ್ರೆ ಮುಗೀತು. ನಮ್ ಪದ ಇನ್ಯಾವ ಮೇಡೈನೂ, ಯಾವ ವೇದಿಕೆನೂ ಏರಲ್ಲ. ಒಂದ್ ಸದ್ದು, ಅಷ್ಟೇ ತಾನೇ?"

"ಅಷ್ಟೇ. ಅದ್ರ ಮೇಲೆ ನಿಂತು ಹಾಡು ಅಂತೀಯ."

ಇಷ್ಟರಲ್ಲಿ ವಿಘ್ನೇಶ್ವರನ್ನಿಗೆ ಯಾರೋ ಸಂಗತಿ ತಿಳಿಸಿದ್ದರು. ಅವನು ಒರಟನಲ್ಲ. ಹತ್ತಿರ ಬಂದು ಸಮಾಧಾನದಿಂದಲೇ ಮಾತಾಡಿದ. ಹಗ್ಗ ಹಾಕಿ ಎಳೆದಿಲ್ಲ, ಹೊಡೆದು ಅಟ್ಟಿಲ್ಲ, ಕರು ತನ್ನ ಬಾಯಿಂದಲೇ ತಿಂದಿದೆ. ಮುಂದಾಳಾದವರು ಕೆಲವನ್ನು ಕೇಳಿಸಿಕೊಳ್ಳದೆ ಇರಲು ಕಲಿಯಬೇಕಾಗುತ್ತದೆ ಎಂದ. ಇವತ್ತು ತಪ್ಪಿದರೆ ಸಭೆ ಇನ್ನೊಬ್ಬರ ಹೆಸರು ತೆಗೆದುಕೊಳ್ಳುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹಾಡು ಮುಗಿದ ಕೂಡಲೇ ಹೊದಿಸಬೇಕೆಂದಿದ್ದ ಶಾಲಿನ ಜರಿ ಬಿಸಿಲಿಗೆ ಮಿನುಗುತ್ತಿತ್ತು.

ಸುಬ್ಬುಲಕ್ಷ್ಮಿ ಅವನಿಗೆ ತಮಿಳಿನಲ್ಲಿ, ತರಗತಿಯ ಸ್ಪಷ್ಟತೆಯಲ್ಲಿ, ಉತ್ತರಿಸಿದಳು. "ನಾನು ಕೇಳಿಕೊಂಡು ಬಂದವಳಲ್ಲ ಸಾರ್. ಬೇರೆಯವರನ್ನು ನೋಡಿಕೊಳ್ಳಿ."

ಆಮೇಲೆ ಹೆಂಗಸರ ಕಡೆ ತಿರುಗಿದಳು. ಅವರ ಮುಂದೆ ಅವಳ ದನಿ ಮೊದಲ ಬಾರಿಗೆ ಅಳುಕಿತು. ಕಳೆದುಕೊಳ್ಳುವವಳು ಅವಳೊಬ್ಬಳೇ ಆಗಿರಲಿಲ್ಲ. "ನಾನು ಎತ್ತಲ್ಲ. ಬೇಕಾದವ್ರು ಎತ್ತಿ, ಬೇಡ ಅನ್ನಲ್ಲ."

ಕಾಳಿಯಮ್ಮಾಳ್ ತನ್ನ ನೀಲಿ ಸೀರೆಯ ಅಂಚನ್ನು ಒಮ್ಮೆ ನೋಡಿಕೊಂಡಳು.

"ಮೇಡೈ ಮೇಲೆ ಕೂತ್ಕಳೋಕೆ ಇದನ್ನ ಎತ್ತಿಟ್ಟಿದ್ದೆ," ಎಂದಳು. "ಎಲ್ಲಿ ಕೂತ್ರೇನು ಬಿಡು." ಮಂಡಿ ಹಿಡಿದುಕೊಂಡು ಸಗಣಿ ಬೆರೆತ ಆ ಧೂಳಿನಲ್ಲೇ, ಕ್ಯಾಮರಾಗೆ ಬೆನ್ನು ಹಾಕಿ ಕುಳಿತುಬಿಟ್ಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಕುಳಿತರು. ಮೂಕಯ್ಯ ಬಟ್ಟಲನ್ನು ಕೆಳಗಿಟ್ಟ. ಬಿಳಿಯ ಕರುವಿನ ಕುತ್ತಿಗೆಗೆ ಕೈ ಹಾಕಿ, ಅದರದೇನೂ ತಪ್ಪಿಲ್ಲವೆಂಬಂತೆ ನೇವರಿಸಿ, ಮಂದೆಗೆ ಬಿಟ್ಟುಬಂದ. ಕಚ್ಚಿದ ಕಬ್ಬನ್ನು ಕಾಲುವೆಗೆ ಹಾಕಿಸಿದ.

ಅಧಿಕಾರಿ ಶಾಲನ್ನು ಮಡಿಕೆ ಕೆಡದಂತೆ ಚೀಲದೊಳಗಿಟ್ಟ. ಸಂಜೆಯೊಳಗೆ ಅದನ್ನು ಇನ್ನೊಬ್ಬರ ಹೆಗಲಿಗೆ ಹೊದಿಸಬೇಕಿತ್ತು. ಕಾರು ಕಂಬಂ ರಸ್ತೆಗೆ ಏರುವವರೆಗೂ ಸುಬ್ಬುಲಕ್ಷ್ಮಿ ಅದರತ್ತ ನೋಡುತ್ತಿದ್ದಳು.

ಇಳಿಹೊತ್ತಿಗೆ ಹೊಸ ಕಬ್ಬು ಬಂತು. ಎಲೆಯಲ್ಲಿ ಇನ್ನೂ ಗದ್ದೆಯ ತೇವವಿತ್ತು. ಜನ ಮತ್ತೆ ಬೆಟ್ಟಗಳಿಗೆ ಮುಖ ಮಾಡಿ ನಿಂತರು. ಬರಿದಾದ ಅಟ್ಟದ ಹತ್ತಿರ ಬಹಳ ಹೊತ್ತು ಒಬ್ಬನೇ ಇದ್ದ ಧನಪಾಲ್ ಕೊನೆಗೆ ಬಂದು ಅಕ್ಕನ ಪಕ್ಕ, ಒಂದು ತೋಳಿನ ದೂರ ಬಿಟ್ಟು, ಮಂದೆಗೆ ಬೆನ್ನು ಮಾಡಿ ನಿಂತ. ಅವಳು ಸೆರಗನ್ನು ಈಚೆಗೆ ಎಳೆದುಕೊಂಡು ಜಾಗ ಮಾಡಿಕೊಟ್ಟಳು.

ಬೆಟ್ಟದ ನೆರಳು ಬಾಳೆತೋಟಗಳನ್ನು ದಾಟಿ ಅವರ ಕಾಲ ಬಳಿಗೆ ಬಂತು. ಹಿಂದೆ ಎಲ್ಲೋ ಒಂದು ಪ್ರಾಣಿ ಎದ್ದು ಮೈ ಕೊಡವಿತು. ಒಣಹುಲ್ಲಿನ ಮೇಲೆ ಒಂದೊಂದೇ ಹೆಜ್ಜೆ; ನಿಂತಿತು; ಮತ್ತೊಂದು ಹೆಜ್ಜೆ. ಧನಪಾಲ್ ತುಟಿಗಳನ್ನು ಬಿಗಿಹಿಡಿದಿದ್ದ. ಯಾರೂ ತಿರುಗಲಿಲ್ಲ.