ಬಿಳಿ ಗರಿ ಕಂಡ ಕೂಡಲೇ ಕೊಡಲಿ ಎತ್ತಬೇಡಿ

ಖರ್ಜೂರದ ಮರದ ಒಂದು ಗರಿ ಬಿಳಿಚಿಕೊಂಡರೆ ಸಾಕು, ಮರುಭೂಮಿಯಂಚಿನ ದ್ರಾ ಕಣಿವೆಯ ಊರುಗಳಲ್ಲಿ ಎದೆ ಧಸಕ್ಕೆನ್ನುತ್ತದೆ. ಬಾಯೂದ್! ಮದ್ದಿಲ್ಲದ ರೋಗ. ಬಂದ ಮರವನ್ನು ಬುಡಸಮೇತ ಕಿತ್ತು ಸುಡಬೇಕು.

ಅಂದು ಬೆಳಿಗ್ಗೆ ಯಾಮ್ನಾಳ ತೋಟಕ್ಕೆ ಅವಳ ಭಾವ ಬಾಸ್ಸು ಕೊಡಲಿ ಹಿಡಿದು ಬಂದ. ಹೋದ ವರ್ಷವೂ ಹೀಗೇ ಬಂದು ಅವಳ ಮೂರು ಮರ ಉರುಳಿಸಿದ್ದ. ಉಳಿದಿರುವುದು ಈಗ ಗರಿ ಬಿಳಿಚಿಕೊಂಡ ಇದೊಂದೇ. ಇದರ ಹಣ್ಣಿನಿಂದಲೇ ಅವಳ ಮನೆ ನಡೆಯಬೇಕು.

“ಸರಿ ಆಚೆ. ಗರಿ ನೋಡಿದ್ಯಾ? ಬಾಯೂದೇ.”

“ನಿಮಗೆ ಹೇಳಿದ್ಯಾರು? ಮರ ಬಂದು ಕಿವೀಲಿ ಹೇಳ್ತಾ?” ಯಾಮ್ನಾ ಮರಕ್ಕೆ ಬೆನ್ನು ಕೊಟ್ಟು ನಿಂತಳು. “ಕೊಡಲಿ ಬಿದ್ರೆ ಮೊದ್ಲು ನನ್ನ ಮೇಲೆ ಬೀಳ್ಲಿ!”

“ಹುಟ್ಟಿದಾಗಿಂದ ಮರ ಹತ್ತಿದೀನಮ್ಮಾ. ನನ್ನ ಕಣ್ಣು ಸಾಲ್ದಾ?”

“ಸಾಲಲ್ಲ ದೊಡ್ಡಪ್ಪ, ನನ್ನ ಕಣ್ಣೂ ಸಾಲಲ್ಲ,” ಎಂದಳು ಹನ್ನೂ. ಯಾಮ್ನಾಳ ತಂಗಿಯ ಮಗಳು. ಪೇಟೆಯ ಸಸ್ಯರೋಗ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. “ಬಾಯೂದ್ ತರೋ ಶಿಲೀಂಧ್ರಕ್ಕೆ ದಾಯಾದಿಗಳು ಬಹಳ. ಸೂಕ್ಷ್ಮದರ್ಶಕದಲ್ಲಿಟ್ರೂ ಒಂದೇ ಥರ ಕಾಣ್ತವೆ. ಒಂದು ಮರಾನೇ ಕೊಲ್ಲತ್ತೆ, ಇನ್ನೊಂದು ನಾಲ್ಕು ಗರಿ ಒಣಗಿಸಿ ಸುಮ್ಮನಾಗತ್ತೆ. ಅವುಗಳ ಜೀನ್ ಓದಿದ್ರೆ ಮಾತ್ರ ಯಾವುದು ಅಂತ ಗೊತ್ತಾಗೋದು.”

“ಬೂಷ್ಟನ್ನೂ ಓದ್ತಾರಂತೆ!” ಬಾಸ್ಸು ನಕ್ಕ.

ಹನ್ನೂ ಗರಿಯ ದಿಂಡಿನಿಂದ ಒಂದು ತುಂಡು ಕೊಯ್ದಳು. ಗೋಡೆಯಾಚೆ ಬಾಸ್ಸುವಿನ ಮರದಲ್ಲೂ ಒಂದು ಬಿಳಿ ಗರಿ ಇತ್ತು. ಅದರದ್ದೂ ಕೊಯ್ದಳು.

“ಅದು ಬಾಯಾರಿದೆ ಅಷ್ಟೇ,” ಎಂದ ಬಾಸ್ಸು.

“ಹೌದೌದು. ನನ್ನ ಮರಕ್ಕೆ ರೋಗ, ನಿಮ್ಮದಕ್ಕೆ ಬಾಯಾರಿಕೆ!”

ಕೆಲವು ದಿನಗಳ ನಂತರ ಫಲಿತಾಂಶ ಹೇಳಲು ಹನ್ನೂ ತಾನೇ ಬಂದು ಇಬ್ಬರನ್ನೂ ಕರೆದಳು. ಯಾಮ್ನಾಳ ಮರದಲ್ಲಿದ್ದದ್ದು ದಾಯಾದಿ ಶಿಲೀಂಧ್ರ. ರೋಗದ ಗರಿ ಕತ್ತರಿಸಿ ಸುಟ್ಟರೆ ಮರ ಉಳಿಯುತ್ತದೆ. ಬಾಯೂದ್ ಇದ್ದದ್ದು ಬಾಸ್ಸುವಿನ ಮರದಲ್ಲಿ.

ಯಾಮ್ನಾಳಿಗೆ ಸಂತೋಷವಾಗಲಿಲ್ಲ, ಸಿಟ್ಟು ನೆತ್ತಿಗೇರಿತು. ಮಗು ಹುಟ್ಟಿದ ಮನೆಗೆ ತನ್ನ ಮರದ ಬುಡದಲ್ಲಿ ಚಿಗುರಿದ ಕಂದು ಕೊಡುವುದು ಅಲ್ಲಿನ ಪದ್ಧತಿ. ಬಾಸ್ಸು ತನ್ನ ಆ ರೋಗದ ಮರದ ಕಂದುಗಳನ್ನೇ ಊರೆಲ್ಲ ಹಂಚಿದ್ದ. ಅವಳ ಮೊಮ್ಮಗಳ ಹೆಸರಿನದೊಂದು ಒದ್ದೆ ಗೋಣಿ ಸುತ್ತಿಕೊಂಡು ಅಂಗಳದಲ್ಲೇ ಇತ್ತು. ಮರುದಿನ ಅದನ್ನು ಈ ಕೊನೆಯ ಮರದ ಪಕ್ಕದಲ್ಲೇ ನೆಡುವವಳಿದ್ದಳು.

“ನನ್ನ ಮೂರು ಮರ ಪರೀಕ್ಷೆ ಮಾಡ್ಸದೆ ಕಡಿದ್ರಿ! ಅವಕ್ಕೆ ಏನಾಗಿತ್ತು ಅಂತ ಈಗ ಯಾರನ್ನ ಕೇಳ್ಲಿ? ರೋಗ ಇದ್ದಿದ್ದನ್ನ ಮಾತ್ರ ಮಕ್ಕಳಿಗೆ ಉಡುಗೊರೆ ಅಂತ ಕೊಟ್ರಿ!”

ಬಾಸ್ಸು ಆ ಕಂದನ್ನು ತಾನೇ ಒಯ್ದು ಒಲೆಗೆ ಹಾಕಿದ. “ಬಾ ಹನ್ನೂ. ನನ್ನ ಮರ ಮೊದ್ಲು ಸುಡೋಣ. ಆಮೇಲೆ ಯಾರ್ಯಾರಿಗೆ ಕೊಟ್ಟಿದೀನೋ ಅವರ ಮನೆಗೆಲ್ಲ ಹೋಗಿ ನಾನೇ ಕೇಳಿ ಕಿತ್ಕೊಂಡು ಬರ್ತೀನಿ.”

“ನಾನೂ ಬರ್ತೀನಿ,” ಎಂದಳು ಯಾಮ್ನಾ. “ಒಂದು ಮನೆ ಮರೆತ್ರೆ ನೆನಪಿಸೋಕೆ.”

ಅಕ್ಕಂದಿರೇ, ಅಣ್ಣಂದಿರೇ, ಬಿಳಿ ಗರಿ ಕಂಡರೆ ಮೊದಲು ಕೊಡಲಿ ಕೆಳಗಿಡಿ. ಆ ಮರದ ಕಂದು ಯಾರಿಗೂ ಕೊಡಬೇಡಿ. ಅದರ ಬುಡದ ನೀರು ಇನ್ನೊಂದು ಮರಕ್ಕೆ ಹರಿಯದಂತೆ ತಡೆಯಿರಿ. ದಿಂಡಿನ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿ ಕಾಯಿರಿ. ಬಾಯೂದ್ ಎಂದು ಬಂದರೆ ಒಂದು ದಿನವೂ ತಡಮಾಡಬೇಡಿ, ಮರ ನಿಮ್ಮದೇ ಆಗಿದ್ದರೂ. ಯಾಮ್ನಾಳ ತೋಟದಲ್ಲಿ ಆ ಮೂರು ಕುಳಿಗಳು ಈಗಲೂ ಹಾಗೇ ಇವೆ.