ಬಾವಿ ಬೈರಮ್ಮನ ಫೋಟೋ

ನಮ್ಮ ಮನೆದೇವರಿಗೆ ಒಂದು ಫೋಟೋ ಇದೆ ಎಂದು ಯಾರಾದರೂ ಹೇಳಿದ್ದರೆ, ತಲೆ ನೆಟ್ಟಗಿದೆಯಾ ಎಂದು ಕೇಳುತ್ತಿದ್ದೆ. ಬಾವಿ ಬೈರಮ್ಮ ಎಂದರೆ ಕ್ಯಾಲನೂರಿನ ನಮ್ಮ ಹಿತ್ತಲಲ್ಲಿ, ಮುಚ್ಚಿಹೋದ ಬಾವಿಯ ಪಕ್ಕ ಅರಿಶಿನ ಬಳಿದುಕೊಂಡು ನಿಂತಿರುವ ಒಂದು ಕಲ್ಲು. ನಮ್ಮಪ್ಪನ ಅಜ್ಜಿ ಅವಳು. ಇಪ್ಪತ್ತು ತುಂಬುವ ಮೊದಲೇ ತೊಟ್ಟಿಲ ಕೂಸನ್ನು ಬಿಟ್ಟು ಬಾವಿಗೆ ಬಿದ್ದಳಂತೆ. ಹೆಣ ಸಿಗಲಿಲ್ಲ. ಸಿಗದವಳು ದೇವರಾದಳು ಎಂದು ಮನೆಯವರೇ ತೀರ್ಮಾನಿಸಿದರು. ಹುಡುಕುವುದಕ್ಕಿಂತ ಪೂಜೆ ಸುಲಭ.

ಪ್ರತಿ ಶುಕ್ರವಾರ ನಮ್ಮಮ್ಮ ಅಕ್ಕಯಮ್ಮ ಆ ಕಲ್ಲಿಗೆ ಕಣ್ಣು, ಬಾಯಿ ಬರೆದು, ಬಲಗೆನ್ನೆಗೆ ಕುಂಕುಮದಲ್ಲಿ ಅರ್ಧಚಂದ್ರ ಇಡುತ್ತಾಳೆ. ಅವಳ ಅತ್ತೆ ಕಲಿಸಿದ್ದು. ಯಾವ ಊರಿನ ದೇವಿಗೂ ಇಲ್ಲದ ಚಂದ್ರ ನಮ್ಮ ಬೈರಮ್ಮನಿಗಿದೆ ಎಂದು ಅವಳಿಗೆ ಬಲು ಹೆಮ್ಮೆ.

ಪೂಜೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮನೆಯ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಬೈರಮ್ಮನನ್ನು ಎಳೆದು ತಂದಾಗ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ. ಹೋದ ವಾರ ಅಣ್ಣ ಉಮಾಶಂಕರನ ಮಗಳು ರಮ್ಯ ಶ್ರೀನಿವಾಸಪುರದ ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ಬಂದುಬಿಟ್ಟಳು. ತಾಯಿಯಿಲ್ಲದ ಹುಡುಗಿ. "ಹೊಡೀತಾರೆ, ನಾನು ಹೋಗಲ್ಲ" ಎಂದಳು, ಅಷ್ಟೇ. ಅಣ್ಣ ಅವತ್ತೇ ಅಳಿಯನಿಗೆ ಫೋನ್ ಮಾಡಿ, ಶುಕ್ರವಾರ ಪೂಜೆಗೆ ಬಂದು ಕರೆದುಕೊಂಡು ಹೋಗಿ ಎಂದ. ಅಮ್ಮ ತನ್ನ ಹಳೆಯ ಮಾತನ್ನೇ ಆಡಿದಳು: "ಬೈರಮ್ಮ ಬಾವಿಗೆ ಬಿದ್ಲೇ ಹೊರ್ತು ಬೇರೆ ದಾರಿ ಹಿಡೀಲಿಲ್ಲ ಕಣೇ."

ನಾನು ಜಗಳವಾಡಿದೆ. ಮದುವೆಯೇ ಬೇಡವೆಂದು ಕೋಲಾರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವಳ ಮಾತಿಗೆ ನಮ್ಮ ಮನೆಯಲ್ಲಿ ಮೂರು ಕಾಸಿನ ಬೆಲೆ.

ಗುರುವಾರ ಒಂದು ಚರ್ಚಿನ ಜುಬಿಲಿ ಫ್ಲೆಕ್ಸ್ ಕೆಲಸ ಬಂದಿತ್ತು. ಈ ಕಡೆಯ ಹಳೇ ಚರ್ಚುಗಳ, ಕನ್ಯಾಮಾತೆಯ ಗವಿಗಳ ಚಿತ್ರ ಹಾಕಿಕೊಡಮ್ಮ ಎಂದಿದ್ದರು. ಹುಡುಕಿದೆ. ಹಕ್ಕುಸ್ವಾಮ್ಯ ಮುಗಿದ ಫೋಟೋಗಳನ್ನು ಯಾವುದೋ ವಿದೇಶಿ ಲೈಬ್ರರಿ ಅಂತರ್ಜಾಲದಲ್ಲಿಟ್ಟಿತ್ತು, ಯಾರು ಬೇಕಾದರೂ ಬಳಸಬಹುದಂತೆ. ಶಿಲುಬೆಗಳು, ಹಂಚಿನ ಚರ್ಚುಗಳು, ಹಬ್ಬದ ಮೆರವಣಿಗೆ. ಒಂದೊಂದೇ ಆರಿಸುತ್ತಾ ಹೋದೆ. ಒಂದರಲ್ಲಿ ಮಾತೆಯ ಗವಿಯ ಮುಂದೆ, ಅನಾಥಾಲಯಕ್ಕೆ ಅಡುಗೆ ಮಾಡುತ್ತಿದ್ದ ಹೆಂಗಸರು ಕೊಪ್ಪರಿಗೆಗಳ ಪಕ್ಕ ಕೂತಿದ್ದರು. ಕೆಳಗೆ ಹೆಸರುಗಳಿದ್ದವು. ಕೊನೆಯ ಹೆಸರು: ಬೈರಮ್ಮ, ಕ್ಯಾಲನೂರು.

ನಮ್ಮ ಸೀಮೆಯಲ್ಲಿ ಬೈರಮ್ಮಂದಿರಿಗೇನು ಬರವೇ? ಹಾಗಂದುಕೊಂಡೇ ಸಾಲಿನ ಕೊನೆಯವಳ ಮುಖವನ್ನು ಪರದೆಯ ಮೇಲೆ ದೊಡ್ಡದು ಮಾಡಿದೆ. ಅವಳ ತಲೆಯೆಲ್ಲ ಬೆಳ್ಳಗಾಗಿತ್ತು. ಬಲಗೆನ್ನೆಯ ಮೇಲೆ, ಅಮ್ಮ ಇಡುವ ಜಾಗದಲ್ಲೇ, ಅದೇ ಅರ್ಧಚಂದ್ರ. ಮುದುಕಿ ಹಲ್ಲು ಬಿಟ್ಟು ನಗುತ್ತಿದ್ದಳು. ನಮ್ಮ ಮನೆಯ ಹೆಂಗಸರು ಹಾಗೆ ನಕ್ಕಿದ್ದನ್ನು ನಾನು ಕಂಡೇ ಇಲ್ಲ.

ಕೂರಲಾಗಲಿಲ್ಲ. ಒಂದು ಪ್ರಿಂಟ್ ತೆಗೆದು, ಅಂಗಡಿಯ ಶಟರ್ ಎಳೆದು ಸ್ಕೂಟಿ ಹತ್ತಿದೆ. ಕ್ಯಾಲನೂರು ಬಂದದ್ದೇ ಗೊತ್ತಾಗಲಿಲ್ಲ. ಅಮ್ಮ ನಡುಮನೆಯಲ್ಲಿ ನಾಳೆಯ ಪೂಜೆಗೆ ಹೂವು ಕಟ್ಟುತ್ತಿದ್ದಳು. ಹಾಳೆಯನ್ನು ಅವಳ ಮಡಿಲಲ್ಲಿಟ್ಟು, ಎಲ್ಲಿ ಸಿಕ್ಕಿತೆಂದು ಹೇಳಿದೆ, ಹೆಸರು ಓದಿದೆ.

ಅಮ್ಮ ಮೊದಲು ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ನೋಡಿದಳು. ಬೆರಳು ಆ ಕೆನ್ನೆಯ ಮೇಲೆ ನಿಂತಿತು.

"ಇದು ಚಂದ್ರ ಅಲ್ಲ ಕಣೇ," ಎಂದಳು. "ಸುಟ್ಟಿರೋದು. ಸೌಟು ಕಾಯ್ಸಿ ಇಟ್ಟವ್ರೆ. ನಮ್ ಕಾಲ್ದಲ್ಲಿ ಸೊಸೇರ್ಗೆ ಇಡ್ತಿದ್ರು."

ಹಾಗಾದರೆ ಮೊದಲ ಸಲ ಕಲ್ಲಿನ ಮೇಲೆ ಅದನ್ನು ಬರೆದವರಿಗೆ ಅದೇನೆಂದು ಚೆನ್ನಾಗಿ ಗೊತ್ತಿತ್ತು.

ಅಣ್ಣ ಬಂದು ಹಾಳೆ ಕಿತ್ತುಕೊಂಡ. "ಬಾವಿಗೆ ಬಿದ್ದೋಳು ಹೆಂಗೆ ಮುದುಕಿ ಆಗ್ತಾಳೆ?"

"ಬೀಳ್ಲಿಲ್ಲ ಕಣಣ್ಣ. ಹೊರಟ್ಹೋದ್ಲು."

ಅವನ ಮುಖ ಬಿಳಿಚಿಕೊಂಡಿತು. "ಇದನ್ನ ಯಾರ್ಗೂ ತೋರಿಸ್ಬೇಡ. ನಾಳೆ ಅಳಿಯಂದ್ರು ಬರ್ತಾರೆ, ಮಾನ ಹೋಗತ್ತೆ."

ಅಮ್ಮನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. "ಈ ಮನೆಗೆ ಬಂದಾಗಿಂದ ಈ ಕೈಲೇ ಇಟ್ಟೆನಲ್ಲೇ ಅದನ್ನ," ಎಂದಳು. ಹೂವಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದವಳು ನೇರವಾಗಿ ರಮ್ಯ ಮಲಗಿದ್ದ ಕೋಣೆಗೆ ಹೋದಳು. ನಾವೂ ಹಿಂದೆಯೇ ಹೋದೆವು.

"ಏಳಮ್ಮ. ಬೆನ್ನು ತೋರ್ಸು."

ರಮ್ಯ ನಮ್ಮೆಲ್ಲರ ಮುಖ ನೋಡಿದಳು. ಬಂದು ವಾರವಾಗಿತ್ತು. ಅಷ್ಟು ಜಗಳವಾಡಿದ ನಾನೂ ಸೇರಿದಂತೆ ಯಾರೂ ಅವಳನ್ನು ಅದೊಂದು ಮಾತು ಕೇಳಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ, ಟಾಪನ್ನು ನಿಧಾನವಾಗಿ ಸೊಂಟದಿಂದ ಮೇಲಕ್ಕೆತ್ತಿದಳು.

ಬೆನ್ನ ತುಂಬ ಬಾಸುಂಡೆಗಳಿದ್ದವು. ಅಣ್ಣ ಬಾಗಿಲಲ್ಲೇ ಮುಖ ತಿರುಗಿಸಿಕೊಂಡ.

"ತಿರುಗ್ಬೇಡ. ನೋಡು," ಎಂದಳು ಅಮ್ಮ. "ಹೆತ್ತೋನು ನೀನು."

ಅವನು ನೋಡಿದ. ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತ. "ನಾನೇ ಫೋನ್ ಮಾಡಿ ಕರ್ದೆನಲ್ಲಮ್ಮ ಅವನ್ನ," ಎಂದ.

ಅಮ್ಮ ಮೊಮ್ಮಗಳ ಬಟ್ಟೆಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಕರ್ದಿದ್ದೀಯ, ಬರ್ಲಿ ಬಿಡು. ಬಾಗ್ಲಲ್ಲಿ ನಾನು ಕೂತಿರ್ತೀನಿ."